ಹಳೆಯ ಗಣಕ, ಹೊಸ ಆಟ

ಒಂದು ಬಿಳಿಯ ಪರದೆ, ಅದರ ಹಿಂದೆ ಒಂದು ದೀಪ, ಚಿತ್ರ ಬರೆದು ಬಣ್ಣ ತುಂಬಿದ ಕೆಲವು ತೊಗಲಿನ ತುಂಡುಗಳು. ಇಷ್ಟೇ ಸಾಧನಸಂಪತ್ತಿಯಿಂದ ರಾಮಾಯಣ ಮಹಾಭಾರತಗಳನ್ನು ಇರುಳೆಲ್ಲ ಆಡಿ ತೋರಿಸಿದ ಕಲಾವಿದರು ಕೊಪ್ಪಳ ಸೀಮೆಯಲ್ಲಿ ತಲೆಮಾರುಗಳಿಂದ ಇದ್ದಾರೆ. ಆ ಪರಂಪರೆಯ ಹಿರಿಯ ಜೀವವಾದ ಮೋರನಾಳದ ಶ್ರೀಮತಿ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದುದು ಈ ಭಾಗದವರೆಲ್ಲರೂ ಹೆಮ್ಮೆಪಟ್ಟ ಸಂಗತಿ. ಸಿನೆಮಾ ಬಂದಿತು, ದೂರದರ್ಶನ ಬಂದಿತು, ಅಂಗೈಯೊಳಗಿನ ಮೊಬೈಲೂ ಬಂದಿತು. ತೊಗಲುಗೊಂಬೆಯ ಪರದೆ ಹಳತಾಯಿತೆನ್ನಬಹುದೇ ಹೊರತು ಸತ್ತಿತೆನ್ನಲಾಗದು. ಆಡಿಸುವ ಕೈ ಇರುವ ತನಕ ಸಾಧನಕ್ಕೆ ಮರಣವಿಲ್ಲ.

ಈ ಮಾತು ಯಾರೂ ನಿರೀಕ್ಷಿಸದ ಇನ್ನೊಂದು ಕ್ಷೇತ್ರದಲ್ಲಿಯೂ ನಿಜವಾಗಿರುವುದು ವಿದ್ಯಾರ್ಥಿಗಳೂ ಅಧ್ಯಾಪಕರೂ ಗಮನಿಸತಕ್ಕ ವಿಷಯವಾಗಿದೆ. ನಾಲ್ಕು ದಶಕಗಳ ಹಿಂದೆ ಮನೆಬಳಕೆಗೆಂದು ಮಾರಾಟವಾದ ಚಿಕ್ಕ ಗಣಕಯಂತ್ರಗಳನ್ನು ಇಂದು ಯಾವ ಅಂಗಡಿಯಲ್ಲೂ ಹೊಸದಾಗಿ ಮಾರುವುದಿಲ್ಲ. ಆದರೂ ಅವುಗಳಿಗಾಗಿ ಹೊಸ ಆಟಗಳು ರಚಿತವಾಗುತ್ತಲೇ ಇವೆ. ದೊಡ್ಡ ಕಂಪನಿಗಳ ಹಂಗಿಲ್ಲದೆ ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ ಮನೆಯಲ್ಲಿಯೇ ಹೆಣೆಯುವ ಈ ಆಟಗಳಲ್ಲಿ ಓಟ, ನೆಗೆತ, ಕಾಳಗಗಳೇ ಪ್ರಧಾನ. ರಚಿಸಿದವರಲ್ಲಿ ಅನೇಕರು ಅವನ್ನು ಬೆಲೆಯಿಲ್ಲದೆ ಹಂಚುತ್ತಾರೆ. ದಾಸೋಹದ ಅರ್ಥ ಬಲ್ಲ ಸಂಸ್ಥೆಗಳವರಿಗೆ ಇದರ ಸೊಗಸನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಯಂತ್ರಗಳ ಪರಿಚಯವನ್ನು ಮೊದಲು ಮಾಡಿಕೊಳ್ಳುವುದು ಉಚಿತ. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯು 1981ರಲ್ಲಿ ಬಿಬಿಸಿ ಮೈಕ್ರೊ ಎಂಬ ಗಣಕವನ್ನು ಹೊರತಂದಿತು. ಮರುವರ್ಷ, 1982ರಲ್ಲಿ, ಸಿಂಕ್ಲೇರ್ ಸಂಸ್ಥೆಯ ಝಡ್‌ಎಕ್ಸ್ ಸ್ಪೆಕ್ಟ್ರಮ್ ಬಂದಿತು. ಅದೇ ವರ್ಷ ಅಮೆರಿಕೆಯ ಕೊಮೊಡೋರ್ 64 ಕೂಡ ಬಂದಿತು. ಇವು ಭಾರತಕ್ಕೆ ಪರಕೀಯವೇನೂ ಆಗಿರಲಿಲ್ಲ. 1984ರಲ್ಲಿ ಭಾರತ ಸರ್ಕಾರವು 'ಕ್ಲಾಸ್' ಎಂಬ ಹೆಸರಿನ ಯೋಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೊ ಗಣಕಗಳನ್ನು ಒದಗಿಸಿತು. ಭಾರತದ ಶಾಲಾ ಮಕ್ಕಳ ಬೆರಳು ಗಣಕದ ಕೀಲಿಮಣೆಯನ್ನು ವ್ಯವಸ್ಥಿತವಾಗಿ ಮುಟ್ಟಿದ್ದು ಆಗಲೇ. 1986ರಲ್ಲಿ ಡೆಸಿಬೆಲ್ಸ್ ಎಂಬ ಭಾರತೀಯ ಸಂಸ್ಥೆಯು ಸ್ಪೆಕ್ಟ್ರಮ್ ಪ್ಲಸ್ ಯಂತ್ರವನ್ನು ಪರವಾನಗಿ ಪಡೆದು ಈ ದೇಶದಲ್ಲಿ ಮಾರಿತು. ಆ ಕಾಲಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕುಗಳು ರಾಯಚೂರು ಜಿಲ್ಲೆಗೆ ಸೇರಿದ್ದವು. ಕೊಪ್ಪಳ ಜಿಲ್ಲೆಯಾದುದು 1997ರಲ್ಲಿ.

ಸ್ಪೆಕ್ಟ್ರಮ್ ಯಂತ್ರದ ಸ್ಮೃತಿಕೋಶ 48 ಕಿಲೋಬೈಟು, ಅಂದರೆ 49,152 ಬೈಟು. ಈ ಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದು ಹೋಲಿಕೆಯಿಲ್ಲದೆ ತಿಳಿಯದು. ಇಂದಿನ ಗಣಕಗಳು ಕನ್ನಡವನ್ನು ಬರೆದಿಡುವ ಕ್ರಮದಲ್ಲಿ ಒಂದೊಂದು ವರ್ಣಚಿಹ್ನೆಗೂ ಮೂರು ಬೈಟು ಬೇಕು. 'ಕೊಪ್ಪಳ' ಎಂಬ ಪದದಲ್ಲಿ ಕಕಾರ, ಒಕಾರದ ಚಿಹ್ನೆ, ಪಕಾರ, ಅರ್ಧಾಕ್ಷರ ಮಾಡುವ ಚಿಹ್ನೆ, ಮತ್ತೊಂದು ಪಕಾರ, ಕೊನೆಗೆ ಳಕಾರ ಹೀಗೆ ಆರು ಘಟಕಗಳಿರುವುದರಿಂದ ಆ ಒಂದು ಪದಕ್ಕೆ 18 ಬೈಟು. ಇಡೀ ಸ್ಪೆಕ್ಟ್ರಮ್ಮಿನ ಸ್ಮೃತಿಯಲ್ಲಿ ಬೇರೇನನ್ನೂ ಇಡದೆ ಊರ ಹೆಸರನ್ನೇ ಬರೆಯುತ್ತ ಹೋದರೆ 2,730 ಸಲ ಬರೆಯುವಷ್ಟರಲ್ಲಿ ಭಂಡಾರ ತುಂಬಿಹೋಗುವುದು. ಅದರೊಳಗೂ ತೆರೆಯ ಮೇಲಿನ ಚಿತ್ರಕ್ಕೆ 6,912 ಬೈಟು ಮೀಸಲು. ಉಳಿದುದರಲ್ಲಿ ನಾಯಕ, ವೈರಿ, ಕೋಟೆ, ಕಂದಕ, ಸಂಗೀತ, ಸೋಲು, ಗೆಲುವು ಎಲ್ಲವೂ ಅಡಕವಾಗಬೇಕು.

ಇಂಥ ಇಕ್ಕಟ್ಟಿನಲ್ಲಿ ರಚನೆ ಮಾಡುವುದು ಕನ್ನಡ ಕವಿಗಳಿಗೆ ಹೊಸತಲ್ಲ. ಕಂದಪದ್ಯದ ಒಂದನೆಯ ಮೂರನೆಯ ಪಾದಗಳಿಗೆ ಹನ್ನೆರಡೆರಡು ಮಾತ್ರೆ, ಎರಡನೆಯ ನಾಲ್ಕನೆಯ ಪಾದಗಳಿಗೆ ಇಪ್ಪತ್ತಿಪ್ಪತ್ತು, ಒಟ್ಟು 64. ಸಾವಿರ ವರ್ಷಕ್ಕೂ ಹಳೆಯದಾದ ಈ ಅಚ್ಚಿನಲ್ಲಿ ಹೊಸ ಕವಿತೆ ಹುಟ್ಟುವುದು ಇಂದಿಗೂ ನಿಂತಿಲ್ಲ. ಸ್ಪೆಕ್ಟ್ರಮ್ಮಿನ ತೆರೆಯ ಒಂದೊಂದು ಅಕ್ಷರದ ಮನೆಯೂ ಅಡ್ಡಕ್ಕೆ ಎಂಟು, ಉದ್ದಕ್ಕೆ ಎಂಟು ಚುಕ್ಕೆಗಳದು, ಅಲ್ಲಿಯೂ 64. ಇದು ಕಾಕತಾಳೀಯವೇ ಸರಿ, ಆದರೆ ಛಂದಸ್ಸು ಕಲಿತ ವಿದ್ಯಾರ್ಥಿಗೆ ಆ ಯಂತ್ರದ ಮುಂದೆ ಕುಳಿತಾಗ ಅಪರಿಚಿತ ಭಾವನೆ ಬಾರದಿರಲು ಈ ಆಕಸ್ಮಿಕವೂ ಸಹಾಯಕ.

ತೆರೆಯಲ್ಲಿ ಇಂಥ ಮನೆಗಳು 768. ಒಂದು ಮನೆಯೊಳಗೆ ಎರಡು ಬಣ್ಣಗಳಿಗಷ್ಟೇ ಅವಕಾಶ. ಹಳದಿ ಅಂಗಿಯ ವೀರನು ಹಸುರು ಮರದ ಮುಂದೆ ಹಾದುಹೋದರೆ, ಮರ ಅರೆಕ್ಷಣ ಹಳದಿಯಾಗುವುದು, ಇಲ್ಲವೆ ವೀರನು ಹಸುರಾಗುವನು. ಹಿಂದಿನ ಆಟಗಳಲ್ಲಿ ಈ ದೋಷ ಎದ್ದು ಕಾಣುತ್ತಿತ್ತು. ಜಾಣರಾದ ರಚನಕಾರರು ವೀರನ ಹಾದಿಯನ್ನು ಕಪ್ಪಾಗಿಯೇ ಬಿಟ್ಟು, ಬಣ್ಣಗಳನ್ನು ಗೋಡೆಗೂ ನೆಲಕ್ಕೂ ಮೀಸಲಿಟ್ಟರು. ಕಸೂತಿ ಹಾಕುವ ತಾಯಂದಿರು ಬಟ್ಟೆಯ ಎಳೆಗಳನ್ನು ಎಣಿಸಿ, ಗಂಟು ಹಾಕದೆ, ಗವಂತಿಯಲ್ಲಿ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣುವಂತೆ ಗೋಪುರವನ್ನೂ ತೇರನ್ನೂ ತೆಗೆಯುವುದನ್ನು ನೋಡಿದವರಿಗೆ ಈ ಲೆಕ್ಕಾಚಾರದ ಬಗೆ ಸುಲಭವಾಗಿ ತಿಳಿಯುತ್ತದೆ.

ಆದರೆ 2012ರ ಸುಮಾರಿಗೆ ಬ್ರೆಜಿಲ್ ದೇಶದ ಐನಾರ್ ಸೌಕಾಸ್ ಎಂಬವರು ರಚಿಸಿ ಹಂಚಿದ ಸಾಧನಗಳಿಂದ ಈ ನಿರ್ಬಂಧವೂ ಸಡಿಲಿತು. ಟಿವಿಯ ತೆರೆಯ ಮೇಲೆ ಚಿತ್ರವು ಒಮ್ಮೆಗೇ ಮೂಡುವುದಿಲ್ಲ. ಒಂದು ಕಿರಣವು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಅದನ್ನು ಬರೆಯುತ್ತ ಬರುತ್ತದೆ. ಕಿರಣವು ಒಂದು ಮನೆಯ ಮೇಲಿನ ಸಾಲುಗಳನ್ನು ಬರೆದು ಮುಗಿಸಿ ಕೆಳಗಿನ ಸಾಲಿಗೆ ಇಳಿಯುವ ಅಷ್ಟು ಅಲ್ಪ ಕಾಲದಲ್ಲಿಯೇ ಆ ಮನೆಯ ಬಣ್ಣವನ್ನು ಬದಲಿಸಿಬಿಟ್ಟರೆ, ಒಂದೇ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಬಣ್ಣಗಳು ಕಾಣುವವು. ಯಂತ್ರ ಅದೇ, ಅದಕ್ಕೆ ಒಂದು ಬಿಡಿಭಾಗವನ್ನೂ ಸೇರಿಸಿದ್ದಿಲ್ಲ. ಮೂವತ್ತು ವರ್ಷ ಕಳೆದ ಮೇಲೆ ಯಂತ್ರದ ಶಕ್ತಿಯನ್ನು ಅದನ್ನು ನಿರ್ಮಿಸಿದವರಿಗಿಂತ ಬಳಸುವವರು ಹೆಚ್ಚಾಗಿ ಅರಿತರೆಂದಾಯಿತು. ಮೂಲಕವಿಗೆ ಹೊಳೆಯದ ಅರ್ಥವನ್ನು ವ್ಯಾಖ್ಯಾನಕಾರನು ಕಾಣಿಸುವುದುಂಟಲ್ಲವೆ?

ಈ ಚಮತ್ಕಾರಕ್ಕೆ ಕಾಲದ ಲೆಕ್ಕವೇ ಆಧಾರ. ಸ್ಪೆಕ್ಟ್ರಮ್ಮಿನ ತೆರೆ ಸೆಕೆಂಡಿಗೆ ಐವತ್ತು ಸಲ ಹೊಸತಾಗುತ್ತದೆ. ಎರಡು ತೆರೆಗಳ ನಡುವಿನ ಒಂದು ಮಿನುಕಿನಲ್ಲಿ ಅದರ ಸಂಸ್ಕಾರಕಕ್ಕೆ ದೊರೆಯುವುದು ಸುಮಾರು 70 ಸಾವಿರ ಸ್ಪಂದನ. ಅತ್ಯಂತ ಹ್ರಸ್ವವಾದ ಆಜ್ಞೆಯೂ ನಾಲ್ಕು ಸ್ಪಂದನಗಳನ್ನು ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಆಟಗಾರನು ಒತ್ತಿದ ಕೀಲಿಯನ್ನು ನೋಡಬೇಕು, ವೀರನನ್ನು ಸರಿಸಬೇಕು, ವೈರಿಗಳನ್ನು ನಡೆಸಬೇಕು, ಡಿಕ್ಕಿಯನ್ನು ಪರೀಕ್ಷಿಸಬೇಕು, ಅಂಕ ಎಣಿಸಬೇಕು. ಧ್ವನಿಗೂ ಪ್ರತ್ಯೇಕ ಸೇವಕನಿಲ್ಲ. 48 ಕಿಲೋಬೈಟಿನ ಯಂತ್ರದಲ್ಲಿ ಸಂಸ್ಕಾರಕವೇ ಧ್ವನಿವರ್ಧಕವನ್ನು ಹಿಂದಕ್ಕೂ ಮುಂದಕ್ಕೂ ತಳ್ಳಿ ಸ್ವರ ಹೊರಡಿಸಬೇಕು. ಅಷ್ಟಾವಧಾನದಲ್ಲಿ ಒಬ್ಬ ಅವಧಾನಿಯು ಪೃಚ್ಛಕರ ಪ್ರಶ್ನೆಗಳಿಗೆ ಸರದಿಯ ಮೇಲೆ ಒಂದೊಂದು ಪಾದ ಹೇಳುತ್ತ, ನಡುನಡುವೆ ಬಾರಿಸಿದ ಗಂಟೆಯ ಲೆಕ್ಕವನ್ನೂ ತಪ್ಪದೆ ಒಪ್ಪಿಸುವನು. ಆಟವನ್ನು ನಡೆಸುವ ಆ ಒಂಟಿ ಸಂಸ್ಕಾರಕದ ಕೆಲಸ ಅದೇ ಜಾತಿಯದು.

ವಿದ್ಯಾರ್ಥಿಗಳ ಉಪಯೋಗಕ್ಕಾಗಿ ನೆಗೆತವೊಂದನ್ನು ಉದಾಹರಣೆಯಾಗಿ ಎತ್ತಿಕೊಳ್ಳಬಹುದು. ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಬಳಿಯ ಅಂಜನಾದ್ರಿಯು ಹನುಮಂತನ ಜನ್ಮಸ್ಥಳವೆಂಬ ನಂಬಿಕೆ ಇರುವುದರಿಂದ ಈ ಸೀಮೆಯ ಮಕ್ಕಳಿಗೆ ನೆಗೆತದ ಪಾಠ ರುಚಿಸದಿರದು. ವೀರನು ನೆಲದಿಂದ ಮೇಲಕ್ಕೆ ನೆಗೆದು ಮತ್ತೆ ನೆಲಕ್ಕಿಳಿಯಬೇಕು. ಪ್ರತಿ ಮಿನುಕಿಗೂ ಆರಾರು ಚುಕ್ಕೆಯಂತೆ ಮೇಲೇರಿಸಿ, ಆರಾರರಂತೆ ಇಳಿಸಿದರೆ ಅದು ಬಾವಿಯ ಕೊಡವನ್ನು ಹಗ್ಗದಿಂದ ಎಳೆದು ಬಿಟ್ಟಂತೆ ಕಾಣುವುದು, ಜೀವವಿರುವ ನೆಗೆತವಾಗದು. ನೆಗೆದವನ ವೇಗ ಮೇಲೇರಿದಂತೆ ಕುಂದಬೇಕು, ಇಳಿದಂತೆ ಹೆಚ್ಚಬೇಕು. ಭೂಮಿಯ ಆಕರ್ಷಣೆಯ ಸೂತ್ರಕ್ಕೆ ಗುಣಾಕಾರ ಬೇಕು. ಸ್ಪೆಕ್ಟ್ರಮ್ಮಿನ ಸಂಸ್ಕಾರಕಕ್ಕೆ ಗುಣಾಕಾರದ ಆಜ್ಞೆಯೇ ಇಲ್ಲ! ಆಗ ರಚನಕಾರನು ಒಂದು ಪಟ್ಟಿಯನ್ನು ಬರೆದಿಡುತ್ತಾನೆ: ಮೊದಲ ಮಿನುಕಿಗೆ 8 ಚುಕ್ಕೆ ಮೇಲೆ, ಆಮೇಲೆ 7, 6, 5, 4, 3, 2, 1; ಅನಂತರ ಕೆಳಕ್ಕೆ 1, 2, 3 ಎಂದು ಮೊದಲಾಗಿ 8ರವರೆಗೆ. ಕೂಡಿದರೆ ಏರಿದ ಎತ್ತರ 36 ಚುಕ್ಕೆ. ವೀರನ ಎತ್ತರ 16 ಚುಕ್ಕೆಯಾದರೆ ಅವನು ತನ್ನ ಎರಡಾಳಿಗಿಂತ ತುಸು ಹೆಚ್ಚು ಎತ್ತರಕ್ಕೆ ನೆಗೆದಂತಾಯಿತು. ಹದಿನಾರು ಮಿನುಕುಗಳ ಈ ನೆಗೆತ ಸೆಕೆಂಡಿನ ಮೂರನೆಯ ಒಂದು ಪಾಲಿನೊಳಗೆ ಮುಗಿಯುತ್ತದೆ.

ಅದು ತೀರ ಚುರುಕೆನಿಸಿದರೆ ಒಂದೊಂದು ಹೆಜ್ಜೆಯನ್ನೂ ಎರಡೆರಡು ಮಿನುಕಿಗೊಮ್ಮೆ ಇಡಿಸಬಹುದು. ತುದಿಯಲ್ಲಿ ವೀರನು ಕ್ಷಣಕಾಲ ತೇಲಿದಂತೆ ಕಾಣಬೇಕಾದರೆ ಎರಡು ಸೊನ್ನೆಗಳನ್ನು ನಡುವೆ ಸೇರಿಸಬಹುದು. ಇವನ್ನೆಲ್ಲ ಸ್ಲೇಟಿನ ಮೇಲೆ ಬರೆದೇ ಪರೀಕ್ಷಿಸಬಹುದಾಗಿದೆ. ಪಟ್ಟಿಯ ಹದಿನಾರು ಸಂಖ್ಯೆಗಳಿಗೆ ಹಿಡಿಯುವ ಸ್ಥಳ ಹದಿನಾರು ಬೈಟು, ಅಂದರೆ ಮೇಲೆ ಲೆಕ್ಕ ಹಾಕಿದ 'ಕೊಪ್ಪಳ' ಎಂಬ ಪದಕ್ಕಿಂತ ಎರಡು ಬೈಟು ಕಡಿಮೆ. ನೆಗೆತದ ಹದ ತಪ್ಪಿದ ಆಟವನ್ನು ಮಕ್ಕಳು ಎರಡನೆಯ ಸಲ ಮುಟ್ಟುವುದಿಲ್ಲವೆಂಬುದು ಅನುಭವಿಗಳ ಮಾತು.

ಹೊಸ ರಚನೆಗಳಲ್ಲಿ ಹೆಸರಿಸತಕ್ಕವು ಹಲವುಂಟು. ಕೊಮೊಡೋರ್ 64ರ ತಯಾರಿಕೆ 1994ರಲ್ಲಿಯೇ ನಿಂತಿದ್ದರೂ, 2017ರಲ್ಲಿ ಅದಕ್ಕಾಗಿ ಹೊರಬಂದ 'ಸ್ಯಾಮ್ಸ್ ಜರ್ನಿ' ಎಂಬ ಆಟವು ಬಹಳ ಪ್ರಶಂಸೆ ಗಳಿಸಿತು. ಅದರ ನಾಯಕನು ವೇಷ ಬದಲಿಸಿದಂತೆ ಅವನ ಶಕ್ತಿಯೂ ಬದಲಾಗುತ್ತದೆ. ಸ್ಪೇನ್ ದೇಶದ ಮೊಹೊನ್ ಟ್ವಿನ್ಸ್ ಎಂಬ ಹವ್ಯಾಸಿಗಳ ಬಳಗವು ಸ್ಪೆಕ್ಟ್ರಮ್ಮಿಗೆ ಆಟ ರಚಿಸಲು 'ಚುರೆರಾ' ಎಂಬ ಸಾಧನವನ್ನು ಮಾಡಿ ಎಲ್ಲರಿಗೂ ಕೊಟ್ಟಿತು. ಆ ಪದಕ್ಕೆ ಚುರ್ರೋ ಎಂಬ ಕರಿದ ತಿಂಡಿಯನ್ನು ಒತ್ತುವ ಉಪಕರಣವೆಂದರ್ಥ. ಕನ್ನಡದಲ್ಲಿ ಚಕ್ಕಲಿ ಒರಳೆನ್ನಬಹುದು. ಹಿಟ್ಟು ಹಾಕಿ ಒತ್ತಿದರೆ ಆಟ ಬೀಳುತ್ತದೆಂಬ ವಿನೋದ ಆ ಹೆಸರಿನಲ್ಲಿದೆ. ಇಂಥ ಸಾಧನಗಳಿಂದ ಹೊಸಬರಿಗೆ ಬಾಗಿಲು ತೆರೆದುದು ನಿಜ. ಬಿದ್ದ ಚಕ್ಕಲಿಗಳು ಒಂದೇ ಆಕಾರದವಾಗುವ ಅಪಾಯವೂ ಅಷ್ಟೇ ನಿಜ.

ಎಲ್ಲಕ್ಕಿಂತ ಸ್ವಾರಸ್ಯವಾದುದು 'ಪ್ರಿನ್ಸ್ ಆಫ್ ಪರ್ಷಿಯಾ' ಎಂಬ ಆಟದ ಕಥೆ. ಅಮೆರಿಕೆಯ ಜೋರ್ಡನ್ ಮೆಕ್ನರ್ ಎಂಬ ತರುಣನು ಇದನ್ನು 1989ರಲ್ಲಿ ಆಪಲ್ 2 ಗಣಕಕ್ಕಾಗಿ ರಚಿಸಿದನು. ಆ ಯಂತ್ರ 1977ರದು; ಅಂದರೆ ಆಟ ಹುಟ್ಟುವಾಗಲೇ ಅದರ ಯಂತ್ರ ಮುದಿಯಾಗಿತ್ತು. ರಾಜಕುಮಾರನ ಚಲನೆ ಸಹಜವಾಗಿರಬೇಕೆಂದು ಮೆಕ್ನರನು ತನ್ನ ತಮ್ಮನಿಗೆ ಬಿಳಿಯ ಬಟ್ಟೆ ತೊಡಿಸಿ, ಓಡಿಸಿ, ನೆಗೆಸಿ, ವಿಡಿಯೊ ತೆಗೆದು, ಅದರ ಒಂದೊಂದು ಚಿತ್ರವನ್ನೂ ನೋಡಿ ಗೆರೆ ಎಳೆದನು. ಆ ಚಿತ್ರಗಳೇ ಸ್ಮೃತಿಯನ್ನೆಲ್ಲ ತುಂಬಿದ್ದರಿಂದ ವೈರಿಯೊಬ್ಬನನ್ನು ಬರೆಯಲು ಸ್ಥಳವೇ ಉಳಿಯಲಿಲ್ಲ. ಆಗ ಅವನಿಗೆ ದೊರೆತ ಉಪಾಯವೆಂದರೆ ನಾಯಕನ ಚಿತ್ರಗಳನ್ನೇ ತುಸು ಸರಿಸಿ, ಬಿಳುಪು ಕಪ್ಪುಗಳನ್ನು ಅದಲುಬದಲು ಮಾಡಿ, ನೆರಳಿನಂಥ ಇನ್ನೊಬ್ಬನನ್ನು ಮೂಡಿಸುವುದು. ಹೊಸ ಚಿತ್ರದ ಖರ್ಚಿಲ್ಲದೆ ಪ್ರತಿನಾಯಕ ಹುಟ್ಟಿದನು. ಅವನು ನಾಯಕನ ನೆರಳೇ ಆದುದರಿಂದ ಕಥೆಗೂ ಅನಿರೀಕ್ಷಿತ ಗಾಂಭೀರ್ಯ ಬಂದಿತು. ಸ್ಥಳವಿದ್ದಿದ್ದರೆ ಅಲ್ಲಿ ಯಾವನೋ ಗದ್ದಲದ ರಾಕ್ಷಸ ಬಂದು ನಿಲ್ಲುತ್ತಿದ್ದನೇನೋ. ಪರದೆಯ ಮೇಲೆ ನೆರಳನ್ನೇ ನಟನನ್ನಾಗಿ ಮಾಡಿದ ಮೋರನಾಳದ ಕಲಾವಿದರಿಗೆ ಈ ಯುಕ್ತಿಯನ್ನು ವಿವರಿಸಿದರೆ ಅವರೇನೂ ಬೆರಗಾಗರು.

ಈ ಆಟದ ಮೂಲಪಾಠ, ಎಂದರೆ ರಚನಕಾರನು ಬರೆದ ಆಜ್ಞೆಗಳ ಪ್ರತಿ, ಕಳೆದುಹೋಯಿತೆಂದೇ ಬಹುಕಾಲ ಭಾವಿಸಲಾಗಿತ್ತು. 2011ರಲ್ಲಿ ಆಂದ್ರೆಯಾಸ್ ವರ್ಗಾ ಎಂಬವರು ಮೂಲಪಾಠವಿಲ್ಲದೆಯೇ, ಸಿದ್ಧ ಆಟವನ್ನು ಬಿಚ್ಚಿ ಅದರ ಅಂಗಾಂಗಗಳನ್ನು ಅಭ್ಯಸಿಸಿ, ಕೊಮೊಡೋರ್ 64ಕ್ಕೆ ಅದನ್ನು ಅಳವಡಿಸಿದರು. ಮರುವರ್ಷವೇ, 2012ರಲ್ಲಿ, ಮೆಕ್ನರನ ತಂದೆಗೆ ಮನೆಯ ಪೆಟ್ಟಿಗೆಯೊಂದರಲ್ಲಿ ಹಳೆಯ ಫ್ಲಾಪಿಗಳು ಸಿಕ್ಕವು, ಮೂಲಪಾಠ ಅವುಗಳಲ್ಲಿತ್ತು. ಇಪ್ಪತ್ತಕ್ಕೂ ಮಿಕ್ಕ ವರ್ಷಗಳ ಕಾಂತಲೇಖನವನ್ನು ತಜ್ಞರ ನೆರವಿನಿಂದ ಓದಿಸಿ, ಮೆಕ್ನರನು ಅದನ್ನು ಲೋಕಕ್ಕೆ ತೆರೆದಿಟ್ಟನು. ತಾಳೆಗರಿಯ ಕಟ್ಟೊಂದು ಅಟ್ಟದ ಮೇಲಿನಿಂದ ಇಳಿದು ಬಂದಾಗ ಗ್ರಂಥಸಂಪಾದಕರಿಗಾಗುವ ಹರ್ಷ ಎಂಥದೆಂದು ಬಲ್ಲವರಿಗೆ ಈ ಪ್ರಸಂಗದ ಮಹತ್ವ ಹೇಳದೆಯೇ ತಿಳಿಯುತ್ತದೆ. ಆ ಪಾಠವನ್ನು ಆಧರಿಸಿ ಬಿಟ್‌ಶಿಫ್ಟರ್ಸ್ ಎಂಬ ಹವ್ಯಾಸಿಗಳ ತಂಡವು 2018ರಲ್ಲಿ ಬಿಬಿಸಿ ಮಾಸ್ಟರ್ ಗಣಕಕ್ಕೆ ಆಟವನ್ನು ತಂದಿತು. ಬಿಬಿಸಿ ಮಾಸ್ಟರ್ 1986ರ ಯಂತ್ರ, ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೊವಿನ ತಮ್ಮ. ಆಪಲ್ 2 ಮತ್ತು ಬಿಬಿಸಿ ಯಂತ್ರಗಳ ಸಂಸ್ಕಾರಕಗಳು 6502 ಎಂಬ ಒಂದೇ ಕುಲಕ್ಕೆ ಸೇರಿದುದರಿಂದ ಮೂಲದ ಆಜ್ಞೆಗಳಲ್ಲಿ ಬಹುಪಾಲು ಹಾಗೆಯೇ ಉಪಯೋಗಕ್ಕೆ ಬಂದವು. ತೆರೆಯ ವ್ಯವಸ್ಥೆ ಬೇರೆಯಾದುದರಿಂದ ಚಿತ್ರದ ಭಾಗವನ್ನು ಹೊಸದಾಗಿ ಬರೆಯಬೇಕಾಯಿತು. ಹೀಗೆ 1986ರ ಯಂತ್ರಕ್ಕೆ 1989ರ ಆಟ 2018ರಲ್ಲಿ ದೊರೆಯಿತು.

ಇಷ್ಟು ಕೇಳಿದ ಹಿರಿಯರು, ಆಟವೆಂಬುದೇ ವಿದ್ಯೆಗೆ ವಿಘ್ನವಲ್ಲವೇ ಎಂದು ಕೇಳುವುದು ಸ್ವಾಭಾವಿಕ. ಮೊಬೈಲನ್ನು ಬಿಟ್ಟು ಏಳದ ಬಾಲಕರನ್ನು ದಿನವೂ ಕಾಣುವ ಅಧ್ಯಾಪಕರ ಸಂಕಟ ಸುಳ್ಳಲ್ಲ. ಆದರೆ ಎರಡು ಬಗೆಯ ಆಟಗಳಿಗೆ ಇರುವ ಅಂತರವನ್ನು ಅರಿಯಬೇಕು. ಮೊಬೈಲಿನ ಆಟವನ್ನು ನೂರಾರು ಜನ ಸೇರಿ ಕಟ್ಟಿರುತ್ತಾರೆ. ಅದರ ಒಳಗನ್ನು ಒಬ್ಬ ವಿದ್ಯಾರ್ಥಿ ಆಮೂಲಾಗ್ರವಾಗಿ ಅರಿಯುವುದು ಅಸಾಧ್ಯ. ಅಲ್ಲಿ ಅವನು ಕೇವಲ ಗಿರಾಕಿ. 48 ಕಿಲೋಬೈಟಿನ ಯಂತ್ರವನ್ನಾದರೋ ಒಬ್ಬ ಪ್ರೌಢಶಾಲೆಯ ವಿದ್ಯಾರ್ಥಿ ಒಂದೆರಡು ವರ್ಷಗಳ ಅಭ್ಯಾಸದಿಂದ ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ ತಿಳಿದುಕೊಳ್ಳಬಲ್ಲನು. ಆಡುತ್ತ ಆಡುತ್ತ 'ಇದು ಹೇಗೆ ನೆಗೆಯಿತು' ಎಂದು ಕೇಳಿದವನಿಗೆ ಅಲ್ಲಿ ಉತ್ತರ ಸಿಕ್ಕೇ ಸಿಗುತ್ತದೆ. ಕಿನ್ನಾಳದ ಚಿತ್ರಗಾರರ ಮನೆಯ ಮಗು ಗೊಂಬೆಯೊಂದಿಗೆ ಆಡಿ ಬೆಳೆಯುವುದಲ್ಲದೆ, ಹಗುರ ಮರವನ್ನು ಕೆತ್ತುವುದನ್ನೂ ಹುಣಸೆಬೀಜದ ಸರಿ ಕಾಸುವುದನ್ನೂ ಕಂಡು ಬೆಳೆಯುತ್ತದೆ. ಅಂಗಡಿಯಿಂದ ಗೊಂಬೆ ಕೊಂಡ ಮಗುವಿಗೆ ಆ ಭಾಗ್ಯವಿಲ್ಲ. 2021ರ ಜನವರಿಯಲ್ಲಿ ಭಾನಾಪುರದಲ್ಲಿ ಆಟಿಕೆಗಳ ಕೈಗಾರಿಕಾ ಸಮುಚ್ಚಯಕ್ಕೆ ಶಂಕುಸ್ಥಾಪನೆಯಾದ ಮೇಲಂತೂ, ಆಟದ ವಸ್ತುವನ್ನು ಮಾಡುವ ಬುದ್ಧಿ ಈ ಜಿಲ್ಲೆಯಲ್ಲಿ ಅನ್ನದ ದಾರಿಯೂ ಹೌದೆಂದು ಪಾಲಕರಿಗೆ ಧೈರ್ಯವಾಗಿ ಹೇಳಬಹುದು.

ಹಳೆಯ ಯಂತ್ರ ಕೈಗೆ ಸಿಗದವರು ನಿರಾಶರಾಗಬೇಕಿಲ್ಲ. ಇಂದಿನ ಸಾಧಾರಣ ಕಂಪ್ಯೂಟರು ಹಳೆಯ ಗಣಕದ ನಡವಳಿಕೆಯನ್ನು ಯಥಾವತ್ತಾಗಿ ಅಭಿನಯಿಸುವ ಎಮ್ಯುಲೇಟರ್ ಎಂಬ ಪ್ರೋಗ್ರಾಮುಗಳುಂಟು. ಈಗಿನ ರಚನಕಾರರಲ್ಲಿ ಹೆಚ್ಚಿನವರು ಹೊಸ ಕಂಪ್ಯೂಟರಿನಲ್ಲಿ ಬರೆದು, ಎಮ್ಯುಲೇಟರಿನಲ್ಲಿ ಪರೀಕ್ಷಿಸಿ, ಕೊನೆಗೆ ನಿಜವಾದ ಯಂತ್ರಕ್ಕೆ ಏರಿಸುತ್ತಾರೆ. ಏರಿಸುವ ಬಗೆಯೂ ವಿನೋದಕರ. ಸ್ಪೆಕ್ಟ್ರಮ್ಮಿನ ಆಟಗಳು ಕ್ಯಾಸೆಟ್ಟಿನಲ್ಲಿ ಧ್ವನಿಯಾಗಿ ಮುದ್ರಿತವಾಗಿರುತ್ತಿದ್ದವು. 48 ಕಿಲೋಬೈಟಿನ ಆಟ ಒಳಗೆ ಸೇರಲು ಸುಮಾರು ಐದು ನಿಮಿಷ ಹಿಡಿಯುತ್ತಿತ್ತು. ಇಂದು ಟೇಪ್ ರೆಕಾರ್ಡರಿನ ಬದಲು ಮೊಬೈಲಿನಿಂದಲೇ ಆ ಕೀಚಲು ಧ್ವನಿಯನ್ನು ತಂತಿಯ ಮೂಲಕ ಹಾಯಿಸಿದರೆ ಯಂತ್ರ ಅದನ್ನು ಒಪ್ಪಿಕೊಳ್ಳುತ್ತದೆ. ಯಾವ ಮೊಬೈಲಿನ ಆಟ ವಿದ್ಯೆಗೆ ವೈರಿಯೆನಿಸಿತೋ ಅದೇ ಮೊಬೈಲು ಇಲ್ಲಿ ಊಳಿಗಕ್ಕೆ ನಿಲ್ಲುವುದು ತಮಾಷೆಯಾಗಿದೆ.

ಯಾವುದೇ ಸಂಸ್ಥೆಯ ಉಗ್ರಾಣದಲ್ಲಿ ಹಳೆಯ ಗಣಕವೂ ಫ್ಲಾಪಿ ಕ್ಯಾಸೆಟ್ಟುಗಳೂ ಧೂಳು ಹಿಡಿದು ಬಿದ್ದಿದ್ದರೆ, ಗುಜರಿಯವನನ್ನು ಕರೆಯುವ ಮುನ್ನ ಬಲ್ಲವರಿಂದ ಅವುಗಳ ಪ್ರತಿ ಮಾಡಿಸಿಕೊಳ್ಳುವುದು ಉಚಿತ. ಕಾಂತಪಟ್ಟಿಯ ಬರಹಕ್ಕೆ ತಾಳೆಗರಿಯ ಆಯುಸ್ಸಿಲ್ಲ. ತಾಳೆಗರಿಯನ್ನು ಹುಳು ತಿಂದರೂ ಉಳಿದ ಸಾಲುಗಳನ್ನು ಓದಬಹುದು. ಇಲ್ಲಿ ನಾಲ್ಕು ಬೈಟು ಅಳಿದರೆ ಇಡೀ ಪಾಠವೇ ಮೂಕವಾದೀತು.

ಕನ್ನಡದ ವಿದ್ಯಾರ್ಥಿಗಳಿಗೆ ಈ ಯಂತ್ರದಲ್ಲಿ ಇನ್ನೊಂದು ಅಭ್ಯಾಸವೂ ಉಂಟು. 'ಕವಿರಾಜಮಾರ್ಗ'ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಕೊಪಣನಗರವನ್ನು ಹೆಸರಿಸುತ್ತದೆ. ಅಂಥ ಕೊಪಣದ ಹೆಸರನ್ನು ಸ್ಪೆಕ್ಟ್ರಮ್ಮಿನ ತೆರೆಯ ಮೇಲೆ ಬರೆಯಲು ಹೊರಟರೆ ಆ ಯಂತ್ರಕ್ಕೆ ಕನ್ನಡವೇ ಬಾರದು. ಆದರೆ ಬಳಸುವವನು ತಾನೇ ಬರೆದುಕೊಳ್ಳಬಹುದಾದ 21 ಆಕೃತಿಗಳಿಗೆ ಅದರಲ್ಲಿ ಅವಕಾಶವಿದೆ. ಒಂದೊಂದಕ್ಕೂ ಎಂಟು ಸಾಲು, ಎಂಟು ಬೈಟು. 'ಕೊ' ಎಂಬುದು ಅಗಲವಾದ ಅಕ್ಷರ, ಅದಕ್ಕೆ ಎರಡು ಮನೆ ಬೇಕು. ಪಕಾರಕ್ಕೆ ಒಂದು, ಅದರ ಒತ್ತಿಗೆ ಕೆಳಗಿನ ಸಾಲಿನಲ್ಲಿ ಇನ್ನೊಂದು, ಳಕಾರಕ್ಕೆ ಒಂದು. ಐದು ಮನೆ, ನಲವತ್ತು ಬೈಟು. ಳಕಾರದ ಸುರುಳಿಯನ್ನು ಎಂಟು ಚುಕ್ಕೆಗಳಲ್ಲಿ ಲಕಾರದಂತೆ ಕಾಣದ ಹಾಗೆ ತಿದ್ದುವುದು ಒಂದು ಸಂಜೆಯ ಕೆಲಸ. ತನ್ನ ಆಟದಲ್ಲಿ 'ಅಂಕ', 'ಜೀವ' ಎಂಬ ಪದಗಳನ್ನು ತೋರಿಸಬೇಕೆಂದರೆ ಉಳಿದ ಹದಿನಾರು ಆಕೃತಿಗಳು ಧಾರಾಳವಾಗಿ ಸಾಲುತ್ತವೆ. ಅಷ್ಟಕ್ಕೆ ತೃಪ್ತಿಯಾಗದವನು ಯಂತ್ರದ ಇಂಗ್ಲಿಷ್ ಅಕ್ಷರಮಾಲೆಯ 96 ಆಕೃತಿಗಳನ್ನೇ ಬದಿಗೆ ಸರಿಸಿ ತನ್ನ 96 ಆಕೃತಿಗಳನ್ನು ಅಲ್ಲಿಡಬಹುದು. ಅದಕ್ಕೆ ತಗಲುವುದು 768 ಬೈಟು. ಕೇಶಿರಾಜನು ಎಣಿಸಿದ ಶುದ್ಧಗೆಯ ಅಕ್ಷರಗಳು 47. ಅವುಗಳಿಗೆ ಗುಣಿತಚಿಹ್ನೆಗಳನ್ನೂ ಒತ್ತುಗಳನ್ನೂ ಸೇರಿಸಬೇಕಾದರೆ ಅಕ್ಷರಗಳನ್ನು ತಲೆಕಟ್ಟು, ಒಡಲು, ಕೊಂಬು ಎಂದು ಬಿಡಿಸಿ, ಬೇಕಾದಾಗ ಕೂಡಿಸುವ ಉಪಾಯವನ್ನು ಹೂಡಬೇಕು. ಕನ್ನಡದ ಬೆರಳಚ್ಚು ಯಂತ್ರವನ್ನು ರೂಪಿಸಿದವರು ಕೆಲವೇ ಕೀಲಿಗಳಲ್ಲಿ ಕನ್ನಡವನ್ನು ಕೂರಿಸಿದ್ದು ಹೀಗೆಯೇ.